ಮಜ್ಜಿಗೆಯೋ ಹೆಂಡವೋ: ದೇಹ ನುಡಿಯುವ ಸಾಕ್ಷ್ಯ

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆಂದೇ ಹೇಳುತ್ತಾರೆ ಎಂಬ ಗಾದೆ ನಮ್ಮಲ್ಲಿದೆ. ಕುಡಿತದ ಆರೋಪ ಹೊರಿಸಲು ಎಷ್ಟು ಅಲ್ಪ ಆಧಾರ ಸಾಕು ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಬಾಯಿಯ ವಾಸನೆ, ಕೆಂಪೇರಿದ ಕಣ್ಣು, ತೊದಲುವ ನಾಲಗೆ, ತಪ್ಪುವ ಹೆಜ್ಜೆ. ಶತಮಾನಗಳ ಕಾಲ ಕುಡಿದವನನ್ನು ಗುರುತಿಸಲು ಇದ್ದ ಸಾಕ್ಷ್ಯ ಇಷ್ಟೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ತಯಾರಿಕೆ ಮತ್ತು ಮಾರಾಟವನ್ನು ನೋಡಿಕೊಳ್ಳಲು ಸುರಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ಚರಕ ಸಂಹಿತೆಯು ಮದಾತ್ಯಯವೆಂಬ ಪ್ರಕರಣದಲ್ಲಿ ಅಮಲಿನ ಹಂತಗಳನ್ನು ವಿವರಿಸುತ್ತದೆ. ಅಂದರೆ ಪಾತ್ರೆಯೊಳಗಿನ ಹೆಂಡವನ್ನು ಅಳೆಯುವ ವಿದ್ಯೆ ಹಳೆಯದು. ಕುಡಿದವನ ಒಳಗಿನ ಹೆಂಡವನ್ನು ಅಳೆಯುವ ವಿದ್ಯೆಗೆ ಮಾತ್ರ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ವಯಸ್ಸು.

ಈ ಅಳತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಮೊಕದ್ದಮೆ ಒಳ್ಳೆಯ ಉದಾಹರಣೆ. 1951ರ ಮೇ ತಿಂಗಳ ಒಂದು ರಾತ್ರಿ ಮುಂಬಯಿಯ ಕೊಲಾಬಾದಲ್ಲಿ ಸರ್ಕಾರಿ ಅಧಿಕಾರಿಯೊಬ್ಬರು ಓಡಿಸುತ್ತಿದ್ದ ಜೀಪು ಮೂವರಿಗೆ ಡಿಕ್ಕಿ ಹೊಡೆಯಿತು. ಆಗ ಅಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ವೈದ್ಯರು ಪರೀಕ್ಷಿಸಿದಾಗ ಅಧಿಕಾರಿಯ ಬಾಯಿಯಿಂದ ಮದ್ಯದ ವಾಸನೆ ಬರುತ್ತಿತ್ತು, ಕಣ್ಣು ಕೆಂಪಾಗಿತ್ತು. ಆದರೆ ಮಾತು ಸ್ಪಷ್ಟವಾಗಿತ್ತು, ನೇರ ಗೆರೆಯ ಮೇಲೆ ಅವರು ನಡೆಯಬಲ್ಲವರಾಗಿದ್ದರು. ತಾವು ಸೇವಿಸಿದ್ದು ಮದ್ಯಸಾರವಿರುವ ಟಾನಿಕ್ಕೇ ಹೊರತು ಮದ್ಯವಲ್ಲ ಎಂಬುದು ಅವರ ವಾದ. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1954ರಲ್ಲಿ ಪಾನನಿಷೇಧ ಉಲ್ಲಂಘನೆಯ ಶಿಕ್ಷೆ ರದ್ದಾಯಿತು. ಔಷಧಿಯಲ್ಲಿನ ಮದ್ಯಸಾರಕ್ಕೆ ನಿಷೇಧ ಅನ್ವಯಿಸದಿರುವಾಗ, ಕುಡಿದದ್ದು ನಿಷೇಧಿತ ಮದ್ಯವೇ ಎಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದು ಎಂದು ನ್ಯಾಯಾಲಯ ಹೇಳಿತು. ಮುಂದೆ ಆ ಕಾನೂನಿಗೆ ತಿದ್ದುಪಡಿಯಾಗಿ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಕಂಡುಬಂದರೆ ವಿವರಣೆ ನೀಡುವ ಹೊಣೆ ಆರೋಪಿಯದು ಎಂಬ ನಿಯಮ ಸೇರಿಕೊಂಡಿತು. 1971ರಲ್ಲಿ ಇನ್ನೊಂದು ಪ್ರಕರಣ ಬಂತು. ವಾಸನೆ, ತೂರಾಟ, ಹಿಗ್ಗಿದ ಪಾಪೆ, ಅಸಂಬದ್ಧ ಮಾತು ಎಲ್ಲವೂ ದಾಖಲಾಗಿದ್ದವು. ಆದರೆ ಮೂತ್ರವನ್ನು ಪರೀಕ್ಷಿಸಿರಲಿಲ್ಲ. ರಕ್ತವನ್ನು ವಿಶ್ಲೇಷಣೆಗೆ ಕಳುಹಿಸಿದ್ದರೂ ವರದಿಯನ್ನು ಹಾಜರುಪಡಿಸಿರಲಿಲ್ಲ. ಇಷ್ಟರಿಂದಲೇ ಕುಡಿತ ಸಾಬೀತಾಗದು ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕಣ್ಣು ಮೂಗುಗಳ ಸಾಕ್ಷ್ಯದ ಜಾಗಕ್ಕೆ ಅಂಕಿ ಬಂದು ಕೂತದ್ದು ಹೀಗೆ.

ಒಳಗೆ ಹೋದದ್ದು ಎಲ್ಲಿ ಹೋಗುತ್ತದೆ?

ಅಳತೆಯನ್ನು ಅರಿಯಬೇಕಾದರೆ ಮೊದಲು ಮದ್ಯಸಾರದ ದಾರಿಯನ್ನು ಅರಿಯಬೇಕು. ಹೊಟ್ಟೆಗಿಳಿದ ಮದ್ಯಸಾರ ಜೀರ್ಣವಾಗಬೇಕಿಲ್ಲ. ಸ್ವಲ್ಪ ಭಾಗ ಜಠರದಿಂದ, ಬಹುಭಾಗ ಸಣ್ಣ ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ನೀರಿನೊಡನೆ ಸಲೀಸಾಗಿ ಬೆರೆಯುವ ಗುಣ ಅದಕ್ಕಿರುವುದರಿಂದ ದೇಹದಲ್ಲಿ ನೀರಿರುವ ಕಡೆಗೆಲ್ಲ ಹರಡುತ್ತದೆ; ಕೊಬ್ಬಿಗೆ ಮಾತ್ರ ಅಷ್ಟಾಗಿ ಸೇರುವುದಿಲ್ಲ. ಸ್ತ್ರೀಯರ ದೇಹದಲ್ಲಿ ನೀರಿನ ಪ್ರಮಾಣ ಸರಾಸರಿ ಕಡಿಮೆಯಾದ್ದರಿಂದ, ಅಷ್ಟೇ ತೂಕದ ಗಂಡಸು ಮತ್ತು ಹೆಂಗಸು ಅಷ್ಟೇ ಕುಡಿದರೂ ಹೆಂಗಸಿನ ರಕ್ತದಲ್ಲಿ ಹೆಚ್ಚು ಮದ್ಯಸಾರ ಕಾಣುತ್ತದೆ. ಊಟದ ಜೊತೆ ಕುಡಿದರೆ ಏರಿಕೆ ನಿಧಾನ, ಖಾಲಿ ಹೊಟ್ಟೆಯಲ್ಲಿ ಶೀಘ್ರ.

ಹೀಗೆ ಹರಡಿದ್ದನ್ನು ಸಂಸ್ಕರಿಸುವ ಕಾರ್ಖಾನೆ ಯಕೃತ್ತು. ಅಲ್ಲಿ ಒಂದು ಕಿಣ್ವವು ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗಿ ಮಾರ್ಪಡಿಸುತ್ತದೆ. ಎರಡನೆಯ ಕಿಣ್ವ ಅದನ್ನು ಅಸಿಟೇಟ್ ಮಾಡುತ್ತದೆ. ಕೊನೆಗೆ ಉಳಿಯುವುದು ನೀರು ಮತ್ತು ಇಂಗಾಲದ ಡೈಆಕ್ಸೈಡ್. ಪೂರ್ವ ಏಷ್ಯಾದ ಅನೇಕರಲ್ಲಿ ಈ ಎರಡನೆಯ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಅವರು ಒಂದೆರಡು ಗುಟುಕು ಕುಡಿದರೂ ಅಸಿಟಾಲ್ಡಿಹೈಡ್ ಶೇಖರವಾಗಿ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆಯ ಗುಟ್ಟೂ ಇದೇ. ಅದು ಎರಡನೆಯ ಕಿಣ್ವವನ್ನು ಕಟ್ಟಿಹಾಕುತ್ತದೆ. ಮಾತ್ರೆ ನುಂಗಿದವನು ಕುಡಿದರೆ ಕುಡಿತವೇ ಶಿಕ್ಷೆಯಾಗುತ್ತದೆ. ವೈದ್ಯರ ನಿಗಾ ಇಲ್ಲದೆ ಇದು ಪ್ರಾಣಾಪಾಯಕ್ಕೂ ತಿರುಗಬಹುದು.

ಯಕೃತ್ತಿನ ಕಾರ್ಖಾನೆಗೆ ಒಂದು ವಿಶೇಷ ಗುಣವಿದೆ. ಕಚ್ಚಾ ಸಾಮಗ್ರಿ ಎಷ್ಟೇ ರಾಶಿ ಬಿದ್ದಿದ್ದರೂ ಅದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ದುಡಿಯುತ್ತದೆ. ಸರಾಸರಿಯಾಗಿ ಗಂಟೆಗೆ 100 ಮಿಲಿ ಲೀಟರ್ ರಕ್ತದಲ್ಲಿ 15 ಮಿಲಿ ಗ್ರಾಂನಷ್ಟು ಮದ್ಯಸಾರ ಇಳಿಯುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು 10ರಿಂದ 25ರವರೆಗೆ ಬದಲಾಗುತ್ತದೆ. ಕಾಫಿ, ತಣ್ಣೀರು ಸ್ನಾನ, ಲಿಂಬೆಹಣ್ಣು, ಮಜ್ಜಿಗೆ ಯಾವುದೂ ಈ ವೇಗವನ್ನು ಹೆಚ್ಚಿಸಲಾರದು. ಅಲ್ಪ ಅಂಶ ಮಾತ್ರ ಬದಲಾಗದೆ ಉಸಿರು, ಮೂತ್ರ, ಬೆವರುಗಳಲ್ಲಿ ಹೊರಬೀಳುತ್ತದೆ. ಪೊಲೀಸರ ಯಂತ್ರಕ್ಕೆ ಸಿಗುವುದು ಈ ಅಲ್ಪ ಅಂಶವೇ.

ಲುಂಡ್ ನಗರದ ಲೆಕ್ಕಾಚಾರ

ಈ ಎಲ್ಲವನ್ನೂ ಲೆಕ್ಕಕ್ಕೆ ತಂದವನು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಿಡ್‌ಮಾರ್ಕ್. 1922ರಲ್ಲಿ ಆತ ಪ್ರಕಟಿಸಿದ ವಿಧಾನಕ್ಕೆ ಕೆಲವೇ ಹನಿ ರಕ್ತ ಸಾಕು. ಬಿರಡೆ ಹಾಕಿದ ಗಾಜಿನ ಕುಪ್ಪಿಯೊಳಗೆ ಪುಟ್ಟ ಬಟ್ಟಲಿನಲ್ಲಿ ರಕ್ತ ತೂಗುತ್ತಿರುತ್ತದೆ. ತಳದಲ್ಲಿ ಗಂಧಕಾಮ್ಲ ಬೆರೆತ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ. ಕುಪ್ಪಿಯನ್ನು ಬೆಚ್ಚಗಿಟ್ಟರೆ ರಕ್ತದಲ್ಲಿನ ಮದ್ಯಸಾರ ಆವಿಯಾಗಿ ದ್ರಾವಣಕ್ಕೆ ಸೇರಿ ಅಲ್ಲಿನ ಡೈಕ್ರೋಮೇಟನ್ನು ವ್ಯಯಿಸುತ್ತದೆ. ಎಷ್ಟು ಡೈಕ್ರೋಮೇಟ್ ಉಳಿಯಿತೆಂದು ನೋಡಿದರೆ ಎಷ್ಟು ಮದ್ಯಸಾರವಿತ್ತೆಂದು ತಿಳಿಯುತ್ತದೆ.

ವಿಡ್‌ಮಾರ್ಕ್ ಅಲ್ಲಿಗೇ ನಿಲ್ಲಲಿಲ್ಲ. ಕುಡಿದ ಮದ್ಯಸಾರದ ತೂಕವನ್ನು ದೇಹದ ತೂಕದಿಂದಲೂ, ದೇಹದಲ್ಲಿ ಅದು ಹರಡುವ ಪ್ರಮಾಣವನ್ನು ಸೂಚಿಸುವ ಒಂದು ಸಂಖ್ಯೆಯಿಂದಲೂ ಭಾಗಿಸಿದರೆ ರಕ್ತದಲ್ಲಿನ ಪ್ರಮಾಣ ಸಿಗುತ್ತದೆ ಎಂದು ತೋರಿಸಿದ. ಆ ಸಂಖ್ಯೆ ಗಂಡಸರಿಗೆ ಸುಮಾರು 0.68, ಹೆಂಗಸರಿಗೆ 0.55. ನಮ್ಮ ಅಂಗಡಿಗಳ ಲೆಕ್ಕಕ್ಕೆ ಇದನ್ನು ಅನ್ವಯಿಸಿ ನೋಡಬಹುದು. ಶೇಕಡಾ 42.8 ಮದ್ಯಸಾರವಿರುವ ವಿಸ್ಕಿ ಅಥವಾ ರಮ್ಮಿನ 60 ಮಿ.ಲೀ. ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಮದ್ಯಸಾರವಿರುತ್ತದೆ. 60 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದೇ ಉಸಿರಿಗೆ ಇದನ್ನು ಕುಡಿದರೆ 100 ಮಿ.ಲೀ. ರಕ್ತದಲ್ಲಿ ಸುಮಾರು 50 ಮಿ.ಗ್ರಾಂ. ತಲುಪಬಹುದು. ಬಿಯರು ಹಗುರ ಎಂಬ ಭ್ರಮೆ ಅನೇಕರಿಗಿದೆ. ಶೇಕಡಾ 8ರ 'ಸ್ಟ್ರಾಂಗ್' ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ, ಅಂದರೆ ಎರಡು ದೊಡ್ಡ ಪೆಗ್ಗಿನಷ್ಟು ಮದ್ಯಸಾರವಿರುತ್ತದೆ.

ಇಳಿಕೆಯ ಲೆಕ್ಕ ಇನ್ನೂ ಮುಖ್ಯ. ರಾತ್ರಿ 11 ಗಂಟೆಗೆ ಒಬ್ಬನ ರಕ್ತದಲ್ಲಿ 180 ಮಿ.ಗ್ರಾಂ. ಇತ್ತೆನ್ನೋಣ. ಗಂಟೆಗೆ 15ರಂತೆ ಇಳಿದರೆ ಬೆಳಿಗ್ಗೆ 7ಕ್ಕೆ ಇನ್ನೂ 60 ಉಳಿದಿರುತ್ತದೆ. ನಿದ್ದೆ ಮಾಡಿ ಎದ್ದು, ಮುಖ ತೊಳೆದು, ತಿಂಡಿ ತಿಂದು, ಶಾಲೆಯ ಮಕ್ಕಳನ್ನು ಹತ್ತಿಸಿಕೊಂಡು ಹೊರಟ ವ್ಯಾನಿನ ಚಾಲಕ ತಾನು ಕುಡಿದಿಲ್ಲವೆಂದೇ ಪ್ರಾಮಾಣಿಕವಾಗಿ ನಂಬಿರುತ್ತಾನೆ. ಅವನ ರಕ್ತ ಬೇರೆಯದನ್ನೇ ಹೇಳುತ್ತದೆ. ವಿಮಾನ ಚಾಲಕರು ಹಾರಾಟಕ್ಕೆ ಮೊದಲಿನ 12 ಗಂಟೆ ಮದ್ಯ ಮುಟ್ಟಬಾರದೆಂಬ ನಿಯಮದ ಹಿಂದಿರುವುದೂ ಇದೇ ಗಣಿತ.

ಕಾಲ್ಚೆಂಡಿನ ಚೀಲದಿಂದ ಬಂದ ಯಂತ್ರ

ರಸ್ತೆಯಲ್ಲಿ ನಿಂತ ಪೊಲೀಸನಿಗೆ ಸೂಜಿ, ಕುಪ್ಪಿಗಳು ಒಗ್ಗುವುದಿಲ್ಲ. ಉಸಿರಾದರೆ ಸುಲಭ. ಅಮೆರಿಕದ ವೈದ್ಯ ಎಮಿಲ್ ಬೋಗನ್ 1927ರಲ್ಲಿ ಕುಡಿದವರಿಂದ ಕಾಲ್ಚೆಂಡಿನ ರಬ್ಬರ್ ಚೀಲದೊಳಕ್ಕೆ ಊದಿಸಿ ಆ ಗಾಳಿಯನ್ನು ಪರೀಕ್ಷಿಸಿದ. ಇಂಡಿಯಾನಾ ವಿಶ್ವವಿದ್ಯಾಲಯದ ರೋಲಾ ಹಾರ್ಗರ್ 1931ರಲ್ಲಿ ಬಲೂನು ಮತ್ತು ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣದ ಯಂತ್ರ ರಚಿಸಿ ಅದಕ್ಕೆ 'ಡ್ರಂಕೋಮೀಟರ್' ಎಂದು ಹೆಸರಿಟ್ಟ. ಅದೇ ರಾಜ್ಯದ ಪೊಲೀಸ್ ಇಲಾಖೆಯಲ್ಲಿದ್ದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ 'ಬ್ರೆತಲೈಸರ್' ನಿರ್ಮಿಸಿದ. ಮದ್ಯಸಾರ ತಗುಲಿದಾಗ ಡೈಕ್ರೋಮೇಟಿನ ಬಣ್ಣ ಬದಲಾಗುವುದನ್ನು ಬೆಳಕಿನ ಕೋಶದಿಂದ ಅಳೆಯುವ ಯಂತ್ರ ಅದು. ಇಂದು ಪೊಲೀಸರ ಕೈಯಲ್ಲಿರುವ ಸಾಧನಗಳಲ್ಲಿ ಸಾಮಾನ್ಯವಾಗಿ ದ್ರಾವಣವಿಲ್ಲ. ಪ್ಲಾಟಿನಂ ಲೇಪನದ ಪುಟ್ಟ ಇಂಧನ ಕೋಶವಿರುತ್ತದೆ. ಮದ್ಯಸಾರದ ಆವಿ ಅಲ್ಲಿ ಉತ್ಕರ್ಷಣಗೊಂಡು ವಿದ್ಯುತ್ ಹುಟ್ಟುತ್ತದೆ. ವಿದ್ಯುತ್ ಎಷ್ಟೋ ಮದ್ಯಸಾರ ಅಷ್ಟು.

ಉಸಿರಿಗೂ ರಕ್ತಕ್ಕೂ ಏನು ಸಂಬಂಧ? ಶ್ವಾಸಕೋಶದ ಆಳದಲ್ಲಿ ರಕ್ತ ಮತ್ತು ಗಾಳಿ ತೆಳು ಪೊರೆಯ ಆಚೀಚೆ ಇರುತ್ತವೆ. ದ್ರವದಲ್ಲಿ ಕರಗಿದ ವಸ್ತು ಅದರ ಮೇಲಿನ ಗಾಳಿಗೆ ಒಂದು ನಿಶ್ಚಿತ ಪ್ರಮಾಣದಲ್ಲಿ ಹಂಚಿಹೋಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲೇ ಹೇಳಿದ್ದ. ಅದರಂತೆ 2,100 ಮಿ.ಲೀ. ಉಸಿರಿನಲ್ಲಿರುವಷ್ಟು ಮದ್ಯಸಾರ 1 ಮಿ.ಲೀ. ರಕ್ತದಲ್ಲಿರುತ್ತದೆ ಎಂದು ಯಂತ್ರಗಳು ಲೆಕ್ಕ ಹಾಕುತ್ತವೆ. ಆದರೆ ಇದು ಸರಾಸರಿಯ ಆಧಾರದ ಮೇಲೆ ಒಪ್ಪಿಕೊಂಡ ಅಂಕಿ. ಎಲ್ಲರ ದೇಹದಲ್ಲೂ ತಂತಾನೇ ನಿಜವಾಗುವ ಅಂಕಿಯಲ್ಲ. ಈಗತಾನೇ ಬಾಯಿ ಮುಕ್ಕಳಿಸಿದ ದ್ರಾವಣ, ಕೆಮ್ಮಿನ ಸಿರಪ್ಪು, ಅರಿಷ್ಟ ಇವುಗಳಲ್ಲಿನ ಮದ್ಯಸಾರ ಬಾಯಲ್ಲೇ ಉಳಿದಿದ್ದರೂ ಯಂತ್ರ ಹೆಚ್ಚಿನ ಅಂಕಿ ತೋರಿಸಬಹುದು. ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿದರೆ ಬಾಯಲ್ಲಿದ್ದದ್ದು ಮಾಯವಾಗಿರುತ್ತದೆ, ರಕ್ತದಲ್ಲಿದ್ದದ್ದು ಉಳಿದಿರುತ್ತದೆ.

ಗೆರೆ ಎಲ್ಲಿ ಎಳೆಯಬೇಕು?

ಅಂಕಿ ಸಿಕ್ಕ ಮೇಲೆ ಮಿತಿ ನಿಗದಿಪಡಿಸುವ ಪ್ರಶ್ನೆ ಎದ್ದಿತು. ನಾರ್ವೆ 1936ರಲ್ಲಿ 100 ಮಿ.ಲೀ. ರಕ್ತಕ್ಕೆ ಸುಮಾರು 50 ಮಿ.ಗ್ರಾಂ. ಎಂಬ ಗೆರೆ ಎಳೆಯಿತು. ಸ್ವೀಡನ್ 1941ರಲ್ಲಿ 80ರ ಮಿತಿ ತಂದು, ಹಂತಹಂತವಾಗಿ ಇಳಿಸಿ 1990ರಲ್ಲಿ 20ಕ್ಕೆ ನಿಲ್ಲಿಸಿತು. ಬ್ರಿಟನ್ 1967ರಲ್ಲಿ 80 ಎಂದು ಗೊತ್ತುಮಾಡಿತು. ಈ ಗೆರೆಗಳಿಗೆ ಗಟ್ಟಿ ಆಧಾರ ಒದಗಿಸಿದ್ದು ಬೋರ್ಕೆನ್‌ಸ್ಟೈನ್ 1962-63ರಲ್ಲಿ ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ ನಡೆಸಿದ ಅಧ್ಯಯನ. ಅಪಘಾತಕ್ಕೆ ಸಿಕ್ಕ ಸುಮಾರು 6,000 ಚಾಲಕರನ್ನೂ, ಅಂಥದೇ ಸ್ಥಳ ಸಮಯಗಳಲ್ಲಿ ಅಪಘಾತವಿಲ್ಲದೆ ಸಾಗುತ್ತಿದ್ದ ಸುಮಾರು 7,500 ಚಾಲಕರನ್ನೂ ಹೋಲಿಸಿದಾಗ, 60 ಮಿ.ಗ್ರಾಂ. ಮಟ್ಟದಲ್ಲಿ ಅಪಘಾತ ಮಾಡುವ ಸಂಭವ ಎರಡು ಪಟ್ಟು, 100ರಲ್ಲಿ ಆರೇಳು ಪಟ್ಟು ಎಂದು ಕಂಡುಬಂತು.

ನಮ್ಮ 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮು ಮೊದಲಿಗೆ ರಕ್ತದಲ್ಲಿ ಎಷ್ಟೇ ಅಲ್ಪ ಮದ್ಯಸಾರವಿದ್ದರೂ ಅಪರಾಧ ಎಂದಿತ್ತು. 1994ರ ತಿದ್ದುಪಡಿಯಲ್ಲಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೀರಬಾರದು ಎಂಬ ಮಿತಿ ಬಂತು. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದೇ ಕಾಯಿದೆ ಆರೋಪಿಗೆ ಒಂದು ರಕ್ಷಣೆಯನ್ನೂ ಕೊಟ್ಟಿದೆ. ಬಂಧಿಸಿದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸದಿದ್ದರೆ ಅವನನ್ನು ಬಿಡುಗಡೆ ಮಾಡಬೇಕು. ಗಂಟೆಗಂಟೆಗೂ ಇಳಿಯುವ ಅಂಕಿಯ ವಿಷಯದಲ್ಲಿ ಹೊತ್ತು ಕೂಡ ಸಾಕ್ಷ್ಯದ ಭಾಗ ಎಂಬುದನ್ನು ಈ ನಿಯಮ ಗುರುತಿಸಿದೆ.

ರಕ್ತ ತೆಗೆಯುವಲ್ಲೂ ಎಚ್ಚರ ಬೇಕು. ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಬಾರದು. ಕುಪ್ಪಿಯಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು. ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ರಕ್ತದ ಸಕ್ಕರೆಯನ್ನು ಹುದುಗಿಸಿ ಕುಪ್ಪಿಯೊಳಗೇ ಮದ್ಯಸಾರ ತಯಾರಿಸಿಬಿಡಬಹುದು. ಸಾವಿನ ನಂತರ ದೇಹದಲ್ಲೂ ಇದೇ ನಡೆಯುತ್ತದೆ. ಅದಕ್ಕೇ ಮರಣೋತ್ತರ ಪರೀಕ್ಷೆಯಲ್ಲಿ, ಕೊಳೆತ ಬೇಗ ತಲುಪದ ಕಣ್ಣುಗುಡ್ಡೆಯೊಳಗಿನ ದ್ರವವನ್ನೂ ತೆಗೆದು ಹೋಲಿಸಿ ನೋಡುತ್ತಾರೆ. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಈಗ ಗ್ಯಾಸ್ ಕ್ರೊಮಟೋಗ್ರಫಿ ಎಂಬ ವಿಧಾನ ಮದ್ಯಸಾರವನ್ನು ಅದರ ದಾಯಾದಿಗಳಿಂದ ಬೇರ್ಪಡಿಸಿ ಅಳೆಯುತ್ತದೆ.

ದಾಯಾದಿಗಳನ್ನು ಬೇರ್ಪಡಿಸುವುದು ಎಷ್ಟು ಮುಖ್ಯವೆಂದು ಕರ್ನಾಟಕ ಬಲು ದೊಡ್ಡ ಬೆಲೆ ತೆತ್ತು ಕಲಿತಿದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ದುರಂತಕ್ಕೆ 300ಕ್ಕೂ ಹೆಚ್ಚು ಮಂದಿ ಬಲಿಯಾದರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ, 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಮತ್ತೆ 150ಕ್ಕೂ ಹೆಚ್ಚು ಜನ ವಿಷಮದ್ಯದಿಂದ ಸತ್ತರು. ಇಂಥ ದುರಂತಗಳ ಮುಖ್ಯ ಖಳನಾಯಕ ಮೆಥನಾಲ್. ಕಣ್ಣಿಗೆ, ಮೂಗಿಗೆ ಅದು ಮದ್ಯಸಾರದಂತೆಯೇ. ಆದರೆ ಯಕೃತ್ತಿನ ಅದೇ ಮೊದಲ ಕಿಣ್ವ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಅಲ್ಲಿಂದ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಕೊಲ್ಲುವುದು ಕುಡಿದ ವಸ್ತುವಿಗಿಂತ ಹೆಚ್ಚಾಗಿ ದೇಹ ಅದರಿಂದ ತಯಾರಿಸಿದ ವಸ್ತು. ಲಕ್ಷಣಗಳು ಕಾಣಲು ಅನೇಕ ಗಂಟೆಗಳು ಬೇಕಾಗುತ್ತವೆ. ಆಸ್ಪತ್ರೆಯಲ್ಲಿ ಶುದ್ಧ ಮದ್ಯಸಾರವನ್ನೇ ಔಷಧಿಯಾಗಿ ಕೊಟ್ಟು ಆ ಕಿಣ್ವಕ್ಕೆ ಬೇರೆ ಕೆಲಸ ಹಚ್ಚಿ ಜೀವ ಉಳಿಸುವುದುಂಟು. ಫೊಮೆಪಿಜೋಲ್ ಎಂಬ ಮದ್ದೂ ಇದೆ. ರಕ್ತದಲ್ಲಿರುವುದು ಯಾವುದೆಂದು ಬೇಗ ತಿಳಿದರೆ ಮಾತ್ರ ಇದು ಸಾಧ್ಯ.

ಹಬ್ಬ ಮುಗಿದ ಮೇಲೂ ಉಳಿಯುವ ಕುರುಹು

ರಕ್ತದಿಂದ ಮದ್ಯಸಾರ ಒಂದು ದಿನದೊಳಗೆ ಸಾಮಾನ್ಯವಾಗಿ ಮಾಯವಾಗುತ್ತದೆ. ಮೊನ್ನೆ ಕುಡಿದಿದ್ದನೇ, ತಿಂಗಳಿಂದ ಕುಡಿಯುತ್ತಿದ್ದಾನೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ದೇಹ ಬಿಟ್ಟುಕೊಟ್ಟ ಕುರುಹುಗಳನ್ನು ಹುಡುಕಬೇಕು. ಹಳೆಯ ಪದ್ಧತಿಯಲ್ಲಿ ಯಕೃತ್ತಿನ ಒಂದು ಕಿಣ್ವದ ಏರಿಕೆಯನ್ನೂ, ಕೆಂಪು ರಕ್ತಕಣಗಳ ಗಾತ್ರವನ್ನೂ ನೋಡುತ್ತಿದ್ದರು. ಆದರೆ ಬೇರೆ ಕಾಯಿಲೆ, ಔಷಧಿಗಳಿಂದಲೂ ಆ ಕಿಣ್ವ ಏರುತ್ತದೆ. ಬಿ-12 ಜೀವಸತ್ವದ ಕೊರತೆಯಿಂದ ರಕ್ತಕಣ ದೊಡ್ಡದಾಗುತ್ತದೆ. ಈ ಕೊರತೆ ಸಸ್ಯಾಹಾರಿಗಳಲ್ಲಿ ಅಪರೂಪವಲ್ಲ. ಮದ್ಯವನ್ನು ಮುಟ್ಟದವನೂ ಕುಡುಕನೆನಿಸಿಕೊಳ್ಳುವ ಅಪಾಯ ಇಲ್ಲಿತ್ತು.

ಹೊಸ ಪರೀಕ್ಷೆಗಳು ಹುಡುಕುವುದು ಮದ್ಯಸಾರದಿಂದಲೇ ಹುಟ್ಟುವ ವಸ್ತುಗಳನ್ನು. ಕುಡಿದದ್ದರಲ್ಲಿ ಶೇಕಡಾ 0.1ಕ್ಕಿಂತ ಕಡಿಮೆ ಅಂಶ ಗ್ಲುಕುರೊನಿಕ್ ಆಮ್ಲದೊಡನೆ ಕೂಡಿ ಈಥೈಲ್ ಗ್ಲುಕುರೊನೈಡ್ ಆಗುತ್ತದೆ. ಪ್ರಾಣಿಗಳಲ್ಲಿ ಈ ಬಗೆಯ ಕೂಡಿಕೆಯನ್ನು ಒಟ್ಟೋ ನ್ಯೂಬಾವರ್ 1901ರಲ್ಲೇ ಗುರುತಿಸಿದ್ದ. ಮನುಷ್ಯನ ಮೂತ್ರದಲ್ಲಿ ಅದು 1967ರಲ್ಲಿ ಸಿಕ್ಕಿತು. ಹೆಚ್ಚು ಕುಡಿದವರ ಮೂತ್ರದಲ್ಲಿ ಮೂರು ದಿನದವರೆಗೂ ಇದು ಕಾಣಸಿಗುತ್ತದೆ. ಕೂದಲಿಗೂ ಸೇರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದಿಂದ ಮೂರು ಸೆಂ.ಮೀ. ಕತ್ತರಿಸಿದರೆ ಮೂರು ತಿಂಗಳ ದಿನಚರಿ ಕೈಗೆ ಬಂದಂತೆ. ಇನ್ನೊಂದು ಕುರುಹು ಫಾಸ್ಫಟಿಡಿಲ್ ಎಥನಾಲ್. 1983ರಲ್ಲಿ ಸ್ವೀಡನ್ನಿನ ಸಂಶೋಧಕರು ಮದ್ಯಸಾರ ಉಣಿಸಿದ ಇಲಿಗಳಲ್ಲಿ ಕಂಡ ಈ ಕೊಬ್ಬಿನಂಥ ವಸ್ತು ಕೆಂಪು ರಕ್ತಕಣಗಳ ಪೊರೆಯಲ್ಲಿ ಕೂತು, ಎರಡರಿಂದ ನಾಲ್ಕು ವಾರಗಳ ಕುಡಿತವನ್ನು ತಿಳಿಸುತ್ತದೆ.

ಯಕೃತ್ತಿನ ಕಸಿಗೆ ಕಾದಿರುವ ರೋಗಿ, ವ್ಯಸನದಿಂದ ಹೊರಬರುತ್ತಿರುವ ನೌಕರ, ಮಕ್ಕಳನ್ನು ತನ್ನ ಬಳಿ ಇರಿಸಿಕೊಳ್ಳಲು ಕೋರ್ಟಿಗೆ ಹೋದ ತಾಯಿ, ಇಂಥವರ ಬದುಕು ಈ ಅಂಕಿಗಳ ಮೇಲೆ ನಿಲ್ಲಬಹುದು. ಹೀಗಿರುವಾಗ ಅಂಕಿಯನ್ನು ಓದುವುದರಲ್ಲಿ ತಪ್ಪಾಗಬಾರದು. ಈಥೈಲ್ ಗ್ಲುಕುರೊನೈಡ್ ಪರೀಕ್ಷೆ ಎಷ್ಟು ಸೂಕ್ಷ್ಮವೆಂದರೆ, ದಿನವಿಡೀ ಕೈಗೆ ಸ್ಯಾನಿಟೈಸರ್ ಹಚ್ಚುವ ನರ್ಸಿನ ಮೂತ್ರದಲ್ಲೂ ಅದು ಕಾಣಬಹುದು. ಈ ಒಂದೇ ಪರೀಕ್ಷೆಯನ್ನು ನಂಬಿ ಯಾರ ಮೇಲೂ ಕ್ರಮ ಕೈಗೊಳ್ಳಬಾರದೆಂದು ಅಮೆರಿಕದ ಸರ್ಕಾರಿ ಸಂಸ್ಥೆಯೇ 2006ರಲ್ಲಿ ಎಚ್ಚರಿಸಿತು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮೂತ್ರದ ಸೋಂಕಿದ್ದರೆ ಬ್ಯಾಕ್ಟೀರಿಯಾಗಳು ಆ ಕುರುಹನ್ನು ಅಳಿಸಿಹಾಕಬಲ್ಲವು. ಅದರಿಂದಲೇ ಎರಡು ಬೇರೆ ಕುರುಹುಗಳನ್ನು ಜೊತೆಯಾಗಿ ನೋಡುವುದು ಒಳ್ಳೆಯ ಪ್ರಯೋಗಾಲಯಗಳ ಪದ್ಧತಿ.

ಒಂದೊಂದು ಅಳತೆಯೂ ಒಂದೊಂದು ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಉಸಿರು ಮತ್ತು ರಕ್ತ ಈ ಹೊತ್ತಿನದನ್ನು ಹೇಳುತ್ತವೆ, ಮೂತ್ರ ಮೊನ್ನೆಯದನ್ನು, ಕೂದಲು ಕಳೆದ ತಿಂಗಳುಗಳದನ್ನು. ಮೊನ್ನೆ ಕುಡಿದವನು ಇಂದು ಅಮಲಿನಲ್ಲಿ ಗಾಡಿ ಓಡಿಸಿದನೆಂದು ಮೂತ್ರ ಹೇಳಲಾರದು. ಇಂದು ಸಿಕ್ಕಿಬಿದ್ದವನು ನಿತ್ಯ ಕುಡುಕನೆಂದು ಉಸಿರೂ ಹೇಳಲಾರದು. ಯಾವಾಗ ತೆಗೆದ ಮಾದರಿ, ಹೇಗೆ ಕಾಪಾಡಿದ್ದು, ಎರಡನೆಯ ಪರೀಕ್ಷೆ ನಡೆಯಿತೇ ಎಂದು ಕೇಳುವುದು ಕುಡುಕರ ಪರ ವಕಾಲತ್ತು ವಹಿಸಿದಂತಲ್ಲ. ಸರಿಯಾಗಿ ಅಳೆದ ಅಂಕಿಯೇ ರಸ್ತೆ ದಾಟುವ ಮಗುವನ್ನು ಕುಡಿದ ಚಾಲಕನಿಂದ ಕಾಯುತ್ತದೆ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದವನನ್ನು ಜನರ ಬಾಯಿಂದ ಕಾಯುವುದೂ ಅದೇ.